ಕ್ಯಾಬಿನ್‌ಗೆ ಕರೆದ್ರೆ ಯಾರೂ ಬಾಯಿ ಬಿಡಲ್ಲ: ಪೀಣ್ಯದ ಮಷಿನ್ ಶಾಪ್ ಒಂದರಲ್ಲಿ ಒನ್ ಆನ್ ಒನ್ ಮೀಟಿಂಗ್ ಶುರು ಮಾಡಿದ ಪ್ರಕರಣ

ಒನ್ ಆನ್ ಒನ್ ಮೀಟಿಂಗ್ ಅಂದ್ರೆ ಐಟಿ ಕಂಪನಿಯೋರ ವಿಷಯ ಅಂತಾನೇ ಬಹಳ ಜನ ಅಂದ್ಕೊಂಡಿದ್ದಾರೆ, ಕ್ಯಾಲೆಂಡರ್‌ನಲ್ಲಿ ಅರ್ಧ ಗಂಟೆ ಬ್ಲಾಕ್ ಮಾಡಿ, ಇಬ್ರೂ ಕಾಫಿ ಹಿಡ್ಕೊಂಡು ಕೂತು ಕರಿಯರ್ ಬಗ್ಗೆ ಮಾತಾಡೋದು. ನಾನು ಬರೀತಿರೋದು ಅಂಥ ಕಡೆಯದಲ್ಲ. ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪ್‌ದು. ಅಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಒಬ್ಬರು ತಮ್ಮ ಕೆಳಗಿನ ಎಂಟು ಜನರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡೋ ಪದ್ಧತಿ ಶುರು ಮಾಡಿದ್ರು, ಮೊದಲು ಪೂರ್ತಿ ಕೆಟ್ಟೋಯ್ತು, ಆಮೇಲೆ ಒಂದು ಹದಕ್ಕೆ ಬಂತು, ಮಧ್ಯೆ ಇನ್ನೊಂದ್ಸಲ ಕೆಡ್ತು.

ನಾನು ಅಲ್ಲಿ ಸೂಪರ್‌ವೈಸರ್ ಟ್ರೈನಿಂಗ್ ಕೊಡಕ್ಕೆ ಹೋಗಿದ್ದವನು. ಆ ಮೀಟಿಂಗ್‌ಗಳಲ್ಲಿ ನಾನು ಕೂತಿಲ್ಲ, ಮೂರನೆಯವನು ಬಂದು ಕೂತ್ರೆ ಅದಕ್ಕೆ ಒನ್ ಆನ್ ಒನ್ ಅನ್ನೋ ಹೆಸರೇ ಇರಲ್ಲ. ಮ್ಯಾನೇಜರ್ ಹೇಳಿದ್ದು, ಎಂಟು ಜನರಲ್ಲಿ ಐದು ಜನ ಮನಸ್ಸಿದ್ದು ಹೇಳಿದ್ದು, ಇಷ್ಟರ ಮೇಲೆ ಬರ್ದಿದೀನಿ. ಕಂಪನಿ ಹೆಸರಿಲ್ಲ, ಯಾರ ಹೆಸರೂ ಇಲ್ಲ, ಗುರುತು ಸಿಗೋ ಅಂಥ ಕೆಲವು ವಿವರ ಬೇಕಂತಲೇ ಬದಲಿಸಿದೀನಿ, ಬರೆದದ್ದನ್ನ ಅವರಿಗೆ ಓದಿಸಿಯೂ ಇದೀನಿ.

ಹಿನ್ನೆಲೆ

ವಾಹನಗಳಿಗೆ ಬಿಡಿಭಾಗ ಮಾಡೋ ದೊಡ್ಡ ಕಂಪನಿಗಳಿಗೆ ಸಪ್ಲೈ ಮಾಡೋ ಶಾಪ್. ಸಿಎನ್‌ಸಿ ಲೇತ್, ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಲೋಹ ಕೊರೆಯೋ ಮಷಿನ್‌ಗಳು), ಎರಡು ಶಿಫ್ಟ್, ಬೆಳಗ್ಗೆ 6ರಿಂದ 2, 2ರಿಂದ ರಾತ್ರಿ 10. ರಾತ್ರಿ ಪಾಳಿ ಇಲ್ಲ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಮ್ಯಾನೇಜರ್ ದಾವಣಗೆರೆ ಕಡೆಯೋರು, ಮೊದಲು ದೊಡ್ಡ ಎಂಎನ್‌ಸಿಯಲ್ಲಿದ್ದು ಇಲ್ಲಿಗೆ ಬಂದೋರು. ನೇರವಾಗಿ ಅವರಿಗೆ ರಿಪೋರ್ಟ್ ಮಾಡೋರು ಎಂಟು ಜನ: ಇಬ್ಬರು ಶಿಫ್ಟ್ ಇನ್‌ಚಾರ್ಜ್, ನಾಲ್ಕು ಜನ ಸೆಟ್ಟರ್ (ಮಷಿನ್‌ಗೆ ಟೂಲು, ಅಳತೆ ಹೊಂದಿಸಿ ಕೊಡೋರು), ಟೂಲ್ ಕ್ರಿಬ್ ಅಂದ್ರೆ ಟೂಲ್‌ಗಳ ಸ್ಟೋರ್ ನೋಡ್ಕೊಳ್ಳೋರು ಒಬ್ಬರು, ಪ್ಲಾನಿಂಗ್ ನೋಡ್ಕೊಳ್ಳೋ ಮೇಡಂ ಒಬ್ಬರು.

ನಾಲ್ಕು ಸೆಟ್ಟರ್‌ಗಳಲ್ಲಿ ಒಬ್ಬರು ಬಹಳ ಹಳಬರು. ಓನರ್ ಶೆಡ್‌ನಲ್ಲಿ ಎರಡೇ ಮಷಿನ್ ಇಟ್ಕೊಂಡಿದ್ದ ಕಾಲದಿಂದ ಇದ್ದೋರು, ಓನರ್ ಸಹಿತ ಅವರನ್ನ ಅಣ್ಣ ಅಂತಲೇ ಕರೀತಾರೆ, ನಾನೂ ಸೆಟ್ಟರ್ ಅಣ್ಣ ಅಂತಲೇ ಬರೀತೀನಿ. ಇನ್ನೊಂದು ತುದಿಗೆ ಒಬ್ಬ ಶಿಫ್ಟ್ ಇನ್‌ಚಾರ್ಜ್, ಡಿಪ್ಲೊಮಾ ಮುಗಿಸಿ ಆಪರೇಟರ್ ಆಗಿ ಸೇರಿ ಈಗಷ್ಟೇ ಪ್ರಮೋಷನ್ ಸಿಕ್ಕ ಹುಡುಗ.

ಸಮಸ್ಯೆ ಏನಿತ್ತು

ಇಬ್ಬರು ಸೆಟ್ಟರ್‌ಗಳು ಒಂದೇ ಸೀಸನ್‌ನಲ್ಲಿ ಕೆಲಸ ಬಿಟ್ಟಿದ್ರು, ಇಬ್ರೂ ಸಂಬಳ ಬಂದ ಮಾರನೇ ದಿನ, ಮುಂಚೆ ಒಂದು ಸುಳಿವಿಲ್ಲ, ಎಕ್ಸಿಟ್ ಫಾರಂನಲ್ಲಿ ಇಬ್ರೂ ಬರೆದಿದ್ದು "ವೈಯಕ್ತಿಕ ಕಾರಣ". ಇವತ್ತಿನ ಎಂಟು ಜನರಲ್ಲಿ ಇಬ್ಬರು ಅವರ ಜಾಗಕ್ಕೆ ಬಂದೋರೇ. ಬೆಳಗಿನ ಮೀಟಿಂಗ್ ಇತ್ತು, ನಿಂತ್ಕೊಂಡು ಹತ್ತು ನಿಮಿಷ, ಬೋರ್ಡ್ ಮುಂದೆ, ಕ್ವಾಲಿಟಿಯೋರು ಮೇಂಟೆನೆನ್ಸ್‌ನೋರು ಎಲ್ಲ ಇರ್ತಿದ್ರು, ಅಲ್ಲಿ ಕೇಳಿದ್ದಕ್ಕೆಲ್ಲ "ಸರಿ ಸಾರ್", "ನೋಡ್ತೀವಿ ಸಾರ್". ಜೊತೆಗೆ ಒಂದು ಪಾರ್ಟ್‌ನಲ್ಲಿ ಕಸ್ಟಮರ್ ಕಂಪ್ಲೇಂಟ್ ಮೇಲಿಂದ ಮೇಲೆ ಬರ್ತಿತ್ತು, ರನ್‌ಔಟ್ ಅಂತ, ಅಂದ್ರೆ ಒಳಗಿನ ಬೋರ್‌ದೂ (ತೂತು) ಹೊರಗಿನ ವ್ಯಾಸದ್ದೂ ಸೆಂಟರ್ ಒಂದೇ ಇರ್ತಿರ್ಲಿಲ್ಲ. ಕಾರಣ ಹುಡುಕಿ ಹುಡುಕಿ ಸಾಕಾಗಿತ್ತು, ಪೀಸನ್ನ ಹಿಡಿಯೋ ಚಕ್ ನೋಡಿದ್ರು, ಅದರ ಹಿಡಿತದ ಜಾ ಬದಲಾಯಿಸಿದ್ರು, ಚಕ್ಕನ್ನ ತಿರುಗಿಸೋ ಸ್ಪಿಂಡಲ್ ಚೆಕ್ ಮಾಡಿಸಿದ್ರು, ಮಷಿನ್‌ನಲ್ಲಿ ಏನೂ ಸಿಗ್ಲಿಲ್ಲ.

ಓನರ್ ಒಂದಿನ ಮ್ಯಾನೇಜರ್‌ಗೆ ನೇರವಾಗಿ ಅಂದ್ರಂತೆ, "ನಿಮ್ ಕೆಳಗಿರೋರ ತಲೇಲಿ ಏನು ಓಡ್ತಿದೆ ಅಂತ ನಿಮಗೆ ಕೊನೆಗೆ ಗೊತ್ತಾಗ್ತಿದೆ, ಗೇಟ್ ಸೆಕ್ಯುರಿಟಿಗೆ ಮೊದಲು ಗೊತ್ತಾಗುತ್ತೆ." ಅದಾದ ಮೇಲೆ ಮ್ಯಾನೇಜರ್ ನನ್ನ ಹತ್ರ ಬಂದಾಗ ಒನ್ ಆನ್ ಒನ್ ವಿಷಯ ಎದ್ದಿದ್ದು.

ಮೊದಲನೇ ಪ್ರಯತ್ನ

ಮ್ಯಾನೇಜರ್ ಹಿಂದಿನ ಕಂಪನಿಯಲ್ಲಿ ನೋಡಿದ್ದನ್ನೇ ಇಲ್ಲಿ ತಂದ್ರು. ಎಚ್‌ಆರ್‌ನಿಂದ ಒಂದು ಫಾರಂ ಪ್ರಿಂಟ್ ಆಯ್ತು, ಸಾಧನೆ, ಸುಧಾರಣೆ ಬೇಕಾದ ಅಂಶ, ತರಬೇತಿ ಅಗತ್ಯ ಅಂತ ಮೂರು ಬಾಕ್ಸ್, ಕೆಳಗೆ ಇಬ್ಬರ ಸಹಿ. ಜಾಗ ಮ್ಯಾನೇಜರ್ ಕ್ಯಾಬಿನ್. ಟೈಮು ಫಸ್ಟ್ ಶಿಫ್ಟ್‌ನೋರಿಗೆ ಮಧ್ಯಾಹ್ನ ಎರಡಕ್ಕೆ, ಶಿಫ್ಟ್ ಮುಗಿದ ಮೇಲೆ, ಪ್ರೊಡಕ್ಷನ್‌ಗೆ ತೊಂದರೆ ಆಗ್ಬಾರ್ದು ಅಂತ.

ಇದರಲ್ಲಿ ಒಂದೊಂದೂ ಉಲ್ಟಾ ಹೊಡೀತು. ಶಾಪ್ ಫ್ಲೋರ್‌ನಲ್ಲಿ ಕ್ಯಾಬಿನ್‌ಗೆ ಕರೀತಿದ್ದಾರೆ ಅಂದ್ರೆ ಒಂದೇ ಅರ್ಥ, ಏನೋ ಎಡವಟ್ಟಾಗಿದೆ, ಮೆಮೊ ರೆಡಿ ಇದೆ. ಕ್ಯಾಬಿನ್‌ನಲ್ಲಿ ಪೇಪರ್‌ಗೆ ಸಹಿ ಹಾಕು ಅಂದ್ರಂತೂ ಮುಗೀತು. ಒಬ್ಬ ಸೆಟ್ಟರ್ ಫಾರಂ ನೋಡಿ, "ಇವತ್ತೇ ಸೈನ್ ಹಾಕ್ಬೇಕಾ ಸಾರ್, ಮನೇಲಿ ಒಂದ್ ಮಾತು ಕೇಳ್ಕೊಂಡ್ ಬರ್ತೀನಿ" ಅಂದ್ರಂತೆ, ಮ್ಯಾನೇಜರ್ ಇದನ್ನ ನಗ್ತಾ ಹೇಳಿದ್ರು, ಆ ಸೆಟ್ಟರ್ ಹೇಳುವಾಗ ನಗ್ಲಿಲ್ಲ. ಇನ್ನು ಟೈಮು. ಎರಡು ಗಂಟೆಗೆ ಮಾಗಡಿ ಕಡೆ ಹೋಗೋರಿಗೆ ಬಸ್ಸು, ಅದು ತಪ್ಪಿದ್ರೆ ಮನೆ ಸೇರೋದು ಸಂಜೆ, ಕೆಲವರಿಗೆ ಮಧ್ಯಾಹ್ನದ ಮೇಲೆ ಸ್ವಂತದ್ದೊಂದು ಸಣ್ಣ ಕೆಲಸ ಬೇರೆ. "ಇದಕ್ಕೆ ಓಟಿ ಬರುತ್ತಾ" ಅಂತ ಟೂಲ್ ಕ್ರಿಬ್‌ನೋರು ಎಲ್ಲರ ಮುಂದೇನೇ ಕೇಳಿದ್ರು, ಯಾರೂ ಉತ್ತರ ಕೊಡ್ಲಿಲ್ಲ.

ಒಳಗಿನ ಮಾತುಕತೆ ಹೇಗಿತ್ತು ಅಂದ್ರೆ, "ಎಲ್ಲ ಹೇಗಿದೆ?" "ಚೆನ್ನಾಗಿದೆ ಸಾರ್." "ಏನಾದ್ರೂ ಪ್ರಾಬ್ಲಂ?" "ಏನಿಲ್ಲ ಸಾರ್." ಎರಡು ನಿಮಿಷಕ್ಕೆ ಮಾತು ಖಾಲಿ, ಸರಿ ಬಂದಿದ್ದಕ್ಕೆ ಅಂತ ಮ್ಯಾನೇಜರ್ "ನಿನ್ನೆ ಎಷ್ಟು ಪೀಸ್ ಆಯ್ತು" ಅಂತ ಶುರು ಮಾಡೋದು, ಅಲ್ಲಿಂದ ಅದು ಬೆಳಗಿನ ಮೀಟಿಂಗೇ, ಕುರ್ಚಿ ಒಂದು ಹೆಚ್ಚು ಅಷ್ಟೇ. ಮಧ್ಯೆ ಫೋನು. ಡಿಸ್ಪ್ಯಾಚ್‌ನಿಂದ, ಓನರ್‌ನಿಂದ, ಟ್ರಾನ್ಸ್‌ಪೋರ್ಟ್‌ನೋನಿಂದ. ತಿಂಗಳ ಕೊನೆ ವಾರ ಬಂದಾಗ ಡಿಸ್ಪ್ಯಾಚ್ ಒತ್ತಡದಲ್ಲಿ ಉಳಿದೋರ ಮೀಟಿಂಗ್ ಎಲ್ಲ ಕ್ಯಾನ್ಸಲ್. ಕ್ಯಾನ್ಸಲ್ ಆಗಿದ್ದಕ್ಕೆ ಬೇಜಾರು ಮಾಡ್ಕೊಂಡೋರು ಒಬ್ರೂ ಇರ್ಲಿಲ್ಲ ಅನ್ನೋದೇ ಆ ಮೀಟಿಂಗ್‌ನ ಯೋಗ್ಯತೆ ಹೇಳುತ್ತೆ.

ಇಲ್ಲಿಗೆ ಬಿಟ್ಬಿಡೋದು ಸುಲಭ ಇತ್ತು, "ನಮ್ ಜನಕ್ಕೆ ಇದೆಲ್ಲ ಒಗ್ಗಲ್ಲ" ಅಂತ ಹೇಳಿದ್ರೆ ಯಾರೂ ಎದುರು ಹೇಳ್ತಿರ್ಲಿಲ್ಲ. ಈ ಮಾತನ್ನ ನಾನು ಎಷ್ಟೋ ಕಡೆ ಕೇಳಿದೀನಿ, ಅರ್ಧ ಸರ್ತಿ ಒಗ್ಗದೆ ಇರೋದು ಜನಕ್ಕಲ್ಲ, ಕರೆದ ರೀತಿಗೆ.

ಏನೇನು ಬದಲಾಯ್ತು

ಮೊದಲು ಫಾರಂ ಹೋಯ್ತು. ಎಚ್‌ಆರ್‌ನೋರಿಗೆ ಇಷ್ಟ ಆಗ್ಲಿಲ್ಲ, ದಾಖಲೆ ಏನು ಅಂತ ಕೇಳಿದ್ರು, ಮೀಟಿಂಗ್ ನಡೀತು ಅನ್ನೋ ತಾರೀಖು ಮಾತ್ರ ಕೊಡ್ತೀನಿ ಅಂತ ಮ್ಯಾನೇಜರ್ ಗಟ್ಟಿಯಾಗಿ ನಿಂತ್ರು.

ಟೈಮು ಶಿಫ್ಟ್ ಒಳಗೆ ಬಂತು. ಫಸ್ಟ್ ಶಿಫ್ಟ್‌ನೋರಿಗೆ ಹನ್ನೊಂದು ಗಂಟೆ, ಸೆಕೆಂಡ್ ಶಿಫ್ಟ್‌ನೋರಿಗೆ ಮೂರೂವರೆ. ಸೆಟ್ಟರ್ ಒಬ್ಬರನ್ನ ಅರ್ಧ ಗಂಟೆ ಫ್ಲೋರ್‌ನಿಂದ ತೆಗೆಯೋದು ಸಣ್ಣ ವಿಷಯ ಅಲ್ಲ, ಆ ಅರ್ಧ ಗಂಟೆ ಇನ್ನೊಬ್ಬ ಸೆಟ್ಟರ್ ಆ ಲೈನನ್ನೂ ನೋಡ್ಕೋಬೇಕು. ಆದ್ರೆ ಕಂಪನಿ ತನ್ನ ಟೈಮ್ ಕೊಡ್ತಿದೆ ಅಂತ ಜನಕ್ಕೆ ಕಂಡಿದ್ದೇ ಅವಾಗ. ಜೊತೆಗೆ 25ನೇ ತಾರೀಖಿನ ನಂತರ ಮೀಟಿಂಗ್ ಇಡೋದೇ ಬೇಡ ಅಂತ ಆಯ್ತು. ಇಟ್ಟು ಕ್ಯಾನ್ಸಲ್ ಮಾಡೋದಕ್ಕಿಂತ ಇಡದೇ ಇರೋದು ವಾಸಿ.

ಜಾಗದ್ದು ಸ್ವಲ್ಪ ಒದ್ದಾಟ ಆಯ್ತು. ಕ್ಯಾಂಟೀನ್ ಪ್ರಯತ್ನ ಮಾಡಿದ್ರು, ಹನ್ನೊಂದಕ್ಕೆ ಖಾಲಿ ಇರುತ್ತೆ, ಟೀ ಸಿಗುತ್ತೆ. ಆದ್ರೆ ಕ್ಯಾಂಟೀನ್ ಹುಡುಗ ಟೇಬಲ್ ಒರೆಸ್ತಾ ಒರೆಸ್ತಾ ಅಲ್ಲೇ ಇರ್ತಿದ್ದ, ಅವನ ಕಿವಿಗೆ ಬಿದ್ದಿದ್ದು ಸಂಜೆಯೊಳಗೆ ಎರಡೂ ಶಿಫ್ಟ್‌ಗೆ ಗೊತ್ತು. ಕೊನೆಗೆ ಟೂವೀಲರ್ ಸ್ಟ್ಯಾಂಡ್ ಪಕ್ಕ ಕಾಂಪೌಂಡ್ ಗೋಡೆ ಹತ್ರ ಒಂದು ಹೊಂಗೆ ಮರ, ಅದರ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಎಲ್ಲರಿಗೂ ಕಾಣುತ್ತೆ, ಯಾರಿಗೂ ಕೇಳಿಸಲ್ಲ. ಬೈಗುಳ ನಡೀತಿಲ್ಲ ಅಂತ ದೂರದಿಂದಲೇ ಗೊತ್ತಾಗುತ್ತೆ. ಫೋನು ಶಿಫ್ಟ್ ಇನ್‌ಚಾರ್ಜ್ ಕೈಗೆ ಕೊಟ್ಟು ಬರ್ತಿದ್ರು ಮ್ಯಾನೇಜರ್.

ಪ್ಲಾನಿಂಗ್ ಮೇಡಂ ಮಾತ್ರ ಮೊದಲೇ ಹೇಳಿದ್ರು, "ಸಾರ್, ನನಗೆ ಮರದ ಕೆಳಗೆ ಬೇಡ, ಜನ ಸುಮ್ನಿರಲ್ಲ." ಅವರದ್ದು ಪ್ಲಾನಿಂಗ್ ರೂಮಲ್ಲೇ, ಬಾಗಿಲು ತೆರೆದಿಟ್ಟು, ಪಕ್ಕದ ಸ್ಟೋರ್ಸ್‌ನೋರು ಊಟಕ್ಕೆ ಹೋದಾಗ. ಒಬ್ಬರಿಗೆ ಆರಾಮಾದ ಜಾಗ ಇನ್ನೊಬ್ಬರಿಗೆ ಮುಜುಗರ, ಇದನ್ನ ಕೇಳಿ ತಿಳ್ಕೋಬೇಕು.

ಎಷ್ಟು ದಿನಕ್ಕೊಂದ್ಸಲ ಅನ್ನೋದಕ್ಕೆ ನಾನು ಅವರಿಗೆ ಹೇಳಿದ್ದು ಇಂಟೆಲ್ ಕಂಪನಿಯ ಆ್ಯಂಡಿ ಗ್ರೋವ್ 1980ರ ದಶಕದಲ್ಲೇ ಬರೆದಿಟ್ಟ ವಿಚಾರ: ವ್ಯಕ್ತಿ ಕಂಪನಿಯಲ್ಲಿ ಎಷ್ಟು ವರ್ಷದಿಂದ ಇದ್ದಾನೆ ಅನ್ನೋದು ಲೆಕ್ಕಕ್ಕಿಲ್ಲ, ಈಗ ಕೈಯಲ್ಲಿರೋ ಕೆಲಸದಲ್ಲಿ ಎಷ್ಟು ಪಳಗಿದ್ದಾನೆ ಅನ್ನೋದರ ಮೇಲೆ ನಿರ್ಧಾರ ಮಾಡಿ. ಡಿಪ್ಲೊಮಾ ಹುಡುಗನಿಗೆ ಮಷಿನ್ ಗೊತ್ತು, ಆದ್ರೆ ಜನರನ್ನ ನಡೆಸೋದು ಹೊಸದು, ಹಂಗಾಗಿ ಅವನಿಗೆ ವಾರಕ್ಕೊಂದು. ಸೆಟ್ಟರ್ ಅಣ್ಣನಿಗೆ ಹದಿನೈದು ದಿನಕ್ಕೊಂದು. ಗ್ರೋವ್ ಇನ್ನೂ ಎರಡು ಹೇಳಿದ್ರು, ಮೀಟಿಂಗ್ ಕನಿಷ್ಠ ಒಂದು ಗಂಟೆ ಇರ್ಬೇಕು, ಅಜೆಂಡಾ ಕೆಳಗಿನವರೇ ತಯಾರು ಮಾಡ್ಕೊಂಡು ಬರ್ಬೇಕು ಅಂತ. ಒಂದು ಗಂಟೆ ಈ ಫ್ಲೋರ್‌ನಲ್ಲಿ ಆಗೋ ಮಾತಲ್ಲ. ಅಜೆಂಡಾ ಬರ್ಕೊಂಡು ಬನ್ನಿ ಅಂದ್ರೆ ಮತ್ತೆ ಪೇಪರು, ಮತ್ತೆ ಭಯ. ಅದಕ್ಕೆ ಮ್ಯಾನೇಜರ್ ಮಾಡಿದ್ದು, ಹಿಂದಿನ ದಿನ ಬಾಯಲ್ಲೇ, "ನಾಳೆ ಹನ್ನೊಂದಕ್ಕೆ, ನಿಮ್ ಕಡೆಯಿಂದ ಒಂದು ವಿಷಯ, ನನ್ ಕಡೆಯಿಂದ ಒಂದು." ಅಷ್ಟೇ. ಅವರ ವಿಷಯ ಮೊದಲು.

ಕೇಳೋ ಪ್ರಶ್ನೆ ಕೂಡ ಬದಲಾಯ್ತು. "ಪ್ರಾಬ್ಲಂ ಇದೆಯಾ" ಅಂದ್ರೆ ಇಲ್ಲ ಅನ್ನೋದೇ ಮರ್ಯಾದೆ ಅನ್ಕೊಳ್ಳೋ ಜನ ನಾವು. ಅದರ ಬದಲು "ಹೋದ ವಾರ ಯಾವುದರಲ್ಲಿ ಸುಮ್ಸುಮ್ನೆ ಟೈಮ್ ಹೋಯ್ತು", "ನನ್ ಜಾಗದಲ್ಲಿ ನೀವಿದ್ದಿದ್ರೆ ಆ ಲೈನ್‌ನಲ್ಲಿ ಮೊದಲು ಏನ್ ಮುಟ್ತಿದ್ರಿ" ಅಂತ. ಕೇಳಿ ಸುಮ್ನಿರೋದು. ಮ್ಯಾನೇಜರ್‌ಗೆ ಇದೇ ಕಷ್ಟ ಆಗಿದ್ದು, ಎದುರಿನೋರು ಯೋಚನೆ ಮಾಡ್ತಿದ್ರೆ ಇವರಿಗೆ ತಡೆಯೋಕಾಗ್ದೆ ಉತ್ತರಾನೂ ಇವರೇ ಹೇಳ್ಬಿಡ್ತಿದ್ರು.

ಸೆಟ್ಟರ್ ಅಣ್ಣ ಹೇಳಿದ್ದು

ಹೊಸ ರೀತಿಯಲ್ಲಿ ಶುರುವಾದ ಮೇಲೂ ಮೊದಮೊದಲು ಏನೂ ಬರ್ಲಿಲ್ಲ. ಸೆಟ್ಟರ್ ಅಣ್ಣ ಕೂತು ಮಗಳ ಮದುವೆ, ಊರಿನ ಮಳೆ, ಇದೆಲ್ಲ ಮಾತಾಡಿ ಎದ್ದು ಹೋಗ್ತಿದ್ರು. ಇದು ವೇಸ್ಟ್ ಅನ್ಸುತ್ತೆ ಅಂತ ಮ್ಯಾನೇಜರ್ ನನಗೆ ಹೇಳಿದಾಗ ಮುಂದುವರಿಸಿ ಅಂದೆ, ಯಾಕಂದ್ರೆ ಅವರು ಅಳೀತಿದ್ದಾರೆ, ಈ ಮನುಷ್ಯನ ಹತ್ರ ಏನ್ ಹೇಳಿದ್ರೆ ಎಲ್ಲಿಗೆ ಹೋಗುತ್ತೆ ಅಂತ.

ಒಂದಿನ ಅವರು ಜೇಬಿಂದ ಖಾಲಿ ಇನ್ಸರ್ಟ್ ಬಾಕ್ಸ್ (ಟೂಲ್‌ಗೆ ಹಾಕೋ ಕತ್ತರಿಸೋ ತುದಿ ಬರೋ ಪುಟ್ಟ ಡಬ್ಬಿ) ತೆಗೆದು, ಅದರ ಮುಚ್ಚಳ ತೆಗೆಯೋದು ಹಾಕೋದು ಮಾಡ್ತಾ, "ಬೈಯಲ್ಲ ಅಂದ್ರೆ ಒಂದ್ ಹೇಳ್ತೀನಿ ಸಾರ್" ಅಂದ್ರು.

ವಿಷಯ ಹೀಗೆ. ಆ ಪಾರ್ಟ್‌ನಲ್ಲಿ 35 ಮಿಲಿಮೀಟರ್ ಬೋರ್, ಎಚ್7 ಟಾಲರೆನ್ಸ್, ಅಂದ್ರೆ 35.000ರಿಂದ 35.025 ಒಳಗೆ ಬರ್ಬೇಕು, ಒಟ್ಟು 25 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಜಾಗ. ರಾತ್ರಿ ಪಾಳಿ ಇಲ್ದೆ ಇರೋದ್ರಿಂದ ಬೆಳಗ್ಗೆ ಆರಕ್ಕೆ ಮಷಿನ್ ತಣ್ಣಗಿರುತ್ತೆ. ಸ್ಪಿಂಡಲ್, ಟೂಲನ್ನ ಸರಿಸೋ ಬಾಲ್ ಸ್ಕ್ರೂ ಬಿಸಿಯಾಗ್ತಾ ಹಿಗ್ಗುತ್ತೆ, ಹಿಗ್ಗಿದಂತೆ ಅಳತೆ ಸರಿಯುತ್ತೆ. ಹಿಂದಿನ ರಾತ್ರಿ ಬಿಸಿ ಮಷಿನ್‌ಗೆ ಕೊಟ್ಟ ಆಫ್‌ಸೆಟ್ಟೇ (ಟೂಲ್ ಎಲ್ಲಿ ಕತ್ತರಿಸ್ಬೇಕು ಅಂತ ಹೊಂದಿಸೋ ಅಂಕಿ) ಬೆಳಗ್ಗೆಯೂ ಇದ್ರೆ ಮೊದಲ ಪೀಸ್‌ಗಳ ಬೋರ್ ಟೈಟ್, ಅಂದ್ರೆ ಬೇಕಾದ್ದಕ್ಕಿಂತ ಸಣ್ಣದು ಬರುತ್ತೆ. ಮೊದಲೆಲ್ಲ ಆಪರೇಟರ್ ಹುಡುಗ್ರೇ ಕಂಟ್ರೋಲ್‌ನಲ್ಲಿ ಒಂದೆರಡು ಅಂಕಿ ಒತ್ತಿ ಆಫ್‌ಸೆಟ್ ಸರಿ ಮಾಡ್ಕೊಂಡು ಓಡಿಸ್ತಿದ್ರು. ಒಂದು ಹಳೇ ಕಂಪ್ಲೇಂಟ್ ಆದ್ಮೇಲೆ ಆಫ್‌ಸೆಟ್‌ಗೆ ಲಾಕ್ ಬಿತ್ತು, ಕೀ ಸೆಟ್ಟರ್ ಹತ್ರ ಮಾತ್ರ. ಅದೇ ಸಮಯದಲ್ಲಿ ಜನ ಕಮ್ಮಿ ಅಂತ ಆ ಲೈನ್ ಸೆಟ್ಟರ್‌ನ ಜನರಲ್ ಶಿಫ್ಟ್‌ಗೆ ಹಾಕಿದ್ರು, ಬರೋದು ಎಂಟೂವರೆಗೆ.

ಆರರಿಂದ ಎಂಟೂವರೆವರೆಗೆ ಹುಡುಗ್ರು ಏನ್ ಮಾಡ್ಬೇಕು? ಗಂಟೆ ಗಂಟೆಗೆ ಬೋರ್ಡ್‌ನಲ್ಲಿ ಪ್ರೊಡಕ್ಷನ್ ಬರೀಬೇಕು. ಅವರು ಅಸಲಿ ಪೀಸ್ ಓಡಿಸ್ಕೊಂಡೇ ಮಷಿನ್ ಬಿಸಿ ಮಾಡ್ತಿದ್ರು. ಟೈಟ್ ಬಂದ ಪೀಸ್‌ಗಳನ್ನ ಬೆಂಚ್ ಕೆಳಗಿನ ಒಂದು ಟ್ರೇಗೆ ತಳ್ಳೋದು, ಅಳತೆ ಸರಿ ಬರೋಕೆ ಶುರುವಾದಾಗ ಬಂದ ಪೀಸನ್ನ ಫಸ್ಟ್ ಪೀಸ್ ಅಂತ ಇನ್ಸ್ಪೆಕ್ಟರ್‌ಗೆ ತೋರಿಸೋದು. ಆಮೇಲೆ ಯಾವಾಗಲೋ ಬಿಡುವಲ್ಲಿ ಟ್ರೇ ಪೀಸ್‌ಗಳನ್ನ ಮತ್ತೆ ಚಕ್‌ಗೆ ಕೂರಿಸಿ ಬೋರ್‌ಗೆ ಇನ್ನೊಂದು ಪಾಸ್ ಹೊಡೆದು ಒಳ್ಳೇ ಪೀಸ್ ಜೊತೆ ಸೇರಿಸೋದು. ಬೋರ್ ಅಳತೆ ಏನೋ ಸರಿ ಬರುತ್ತೆ. ಆದ್ರೆ ಒಂದ್ಸಲ ಬಿಚ್ಚಿ ಮತ್ತೆ ಕೂರಿಸಿದ ಪೀಸು ಮೊದಲಿನ ಸೆಂಟರ್‌ಗೇ ಕೂರಲ್ಲ. ಅಲ್ಲಿಂದ ರನ್‌ಔಟು. ತಿಂಗಳುಗಟ್ಟಲೆ ಸ್ಪಿಂಡಲ್ ಬಿಚ್ಚಿ ಹುಡುಕಿದ್ದು ಬೆಂಚ್ ಕೆಳಗಿನ ಟ್ರೇನಲ್ಲಿತ್ತು.

ಲಾಕ್ ಹಾಕಿಸಿದ್ದು ಈ ಮ್ಯಾನೇಜರೇ. ಅಂದ್ರೆ ಅಣ್ಣ ಹೇಳ್ತಿರೋದು ನಿಮ್ ತೀರ್ಮಾನದಿಂದ ಇದಾಗಿದ್ದು ಅಂತ. ಮ್ಯಾನೇಜರ್ ಅಲ್ಲಿ ಸಮರ್ಥನೆಗೆ ಇಳೀಲಿಲ್ಲ, "ಎಷ್ಟು ದಿನದಿಂದ ನಡೀತಿದೆ" ಅಂದ್ರು. "ಲಾಕ್ ಬಿದ್ದ ವಾರದಿಂದ." "ಬೆಳಗಿನ ಮೀಟಿಂಗಲ್ಲಿ ಒಂದ್ ಮಾತು ಹೇಳ್ಬಹುದಿತ್ತಲ್ಲ?" "ಕ್ವಾಲಿಟಿಯೋರ ಮುಂದೆ ಹೇಳಿದ್ರೆ ಹುಡುಗ್ರಿಗೆ ಮೆಮೊ ಬರುತ್ತೆ ಸಾರ್. ಅವರದ್ದೇನ್ ತಪ್ಪು."

ಆ ಅರ್ಧ ಗಂಟೆಯ ತೀರ್ಮಾನ

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುವು ಇದೇ, ಸ್ವಲ್ಪ ನಿಧಾನಕ್ಕೆ ನೋಡೋಣ. ಮ್ಯಾನೇಜರ್ ಕೈಯಲ್ಲಿ ಈಗ ಎರಡು ವಿಷಯ ಇದೆ. ಒಂದು, ಆಪರೇಟರ್‌ಗಳು ಪೀಸ್ ಅಡಗಿಸಿಟ್ಟು ಪರ್ಮಿಷನ್ ಇಲ್ದೆ ರೀವರ್ಕ್ ಮಾಡಿದ್ದಾರೆ, ರೂಲ್ ಪ್ರಕಾರ ಇದು ಶಿಸ್ತು ಕ್ರಮದ ವಿಷಯ. ಎರಡು, ಅಂಥ ಪೀಸ್ ಗೋಡೌನ್‌ನಲ್ಲಿ ಇರಬಹುದು, ಕಸ್ಟಮರ್ ಹತ್ರಾನೂ ಹೋಗಿರಬಹುದು, ಇದನ್ನ ಕೇಳಿಸ್ಕೊಂಡು ಸುಮ್ನಿರೋಕೆ ಆಗಲ್ಲ. ಕ್ರಮ ತಗೊಂಡ್ರೆ ಇನ್ನು ಜನ್ಮದಲ್ಲಿ ಆ ಕುರ್ಚಿಯಲ್ಲಿ ಯಾರೂ ಬಾಯಿ ಬಿಡಲ್ಲ. ಮುಚ್ಚಿಟ್ರೆ ಅದು ಮೋಸ, ಸಿಕ್ಕಿಬಿದ್ರೆ ಎಲ್ಲರ ಕೆಲಸಕ್ಕೆ ಸಂಚಕಾರ.

ಅವರು ಅಣ್ಣನಿಗೆ ಅಲ್ಲೇ, ಏಳೋದಕ್ಕೆ ಮುಂಚೆ ಹೇಳಿದ್ರು: "ಇದನ್ನ ನಾನು ಹೊಟ್ಟೇಲಿಟ್ಕೊಳ್ಳೋಕೆ ಆಗಲ್ಲ, ಪೀಸ್ ಚೆಕ್ ಆಗ್ಲೇಬೇಕು, ಕ್ವಾಲಿಟಿಗೆ ಹೇಳ್ಲೇಬೇಕು. ಆದ್ರೆ ಯಾರು ಹೇಳಿದ್ರು, ಯಾರು ಮಾಡಿದ್ರು ಅನ್ನೋದು ನನ್ ಬಾಯಿಂದ ಬರಲ್ಲ." ಅಣ್ಣ ಸ್ವಲ್ಪ ಹೊತ್ತು ಸುಮ್ನಿದ್ದು "ಸರಿ" ಅಂದ್ರಂತೆ. ಎಲ್ಲವನ್ನೂ ಗುಟ್ಟಾಗಿ ಇಡ್ತೀನಿ ಅಂತ ಮಾತು ಕೊಟ್ಟು ಆಮೇಲೆ ಮುರಿಯೋರು ಬಹಳ ಜನ. ಯಾವುದು ಗುಟ್ಟು, ಯಾವುದು ಅಲ್ಲ ಅಂತ ಎದುರೇ ಗೆರೆ ಎಳೆದಿದ್ದು ಇಲ್ಲಿ ಕೆಲಸ ಮಾಡ್ತು.

ಮಧ್ಯಾಹ್ನದೊಳಗೆ ಆ ಪಾರ್ಟ್‌ನ ಸ್ಟಾಕ್ ಪೂರ್ತಿ ಹೋಲ್ಡ್, ಒಂದೊಂದು ಪೀಸೂ ಡಯಲ್ ಇಟ್ಟು ರನ್‌ಔಟ್ ಚೆಕ್, ಕಸ್ಟಮರ್‌ಗೂ ತಿಳಿಸಿ ಅವರ ಹತ್ರ ಇದ್ದಿದ್ದನ್ನೂ ಸಾರ್ಟ್ ಮಾಡಿಸಿದ್ರು. ಕ್ವಾಲಿಟಿ ಹೆಡ್‌ಗೆ ಕೋಪ ಬಂತು, ಯಾರು ಮಾಡಿದ್ದು ಹೆಸರು ಕೊಡಿ ಅಂತ ಪಟ್ಟು ಹಿಡಿದ್ರು. "ಲಾಕ್ ಹಾಕಿಸಿದ್ದು ನಾನು, ಸೆಟ್ಟರ್‌ನ ಎಂಟೂವರೆಗೆ ಹಾಕಿದ್ದು ನಾನು, ನನ್ ಹೆಸರು ಬರ್ಕೊಳ್ಳಿ" ಅಂತ ಮ್ಯಾನೇಜರ್ ಹೇಳಿದ್ದು ಎರಡು ದಿನದಲ್ಲಿ ಫ್ಲೋರ್‌ಗೆಲ್ಲ ಗೊತ್ತಾಯ್ತು. ಹೇಗೆ ಗೊತ್ತಾಯ್ತು ಅಂತ ಕೇಳ್ಬೇಡಿ, ಕ್ಯಾಂಟೀನ್ ಹುಡುಗ ಇದ್ದಾನಲ್ಲ. ಕ್ವಾಲಿಟಿ ಹೆಡ್ ಇವತ್ತಿಗೂ ಅದು ಸರಿಯಲ್ಲ ಅಂತಾರೆ, ಅಡಗಿಸಿಟ್ಟೋರಿಗೆ ಒಂದು ಎಚ್ಚರಿಕೆಯಾದ್ರೂ ಬೇಕಿತ್ತು ಅಂತ. ಅವರ ಮಾತಲ್ಲಿ ಅರ್ಥ ಇಲ್ಲ ಅಂತಲ್ಲ, ನಾನಾದ್ರೂ ಹೆಸರು ಕೊಡ್ತಿರ್ಲಿಲ್ಲ.

ಪರಿಹಾರ ದೊಡ್ಡದೇನಲ್ಲ. ಸೆಟ್ಟರ್ ಆರಕ್ಕೆ ಬರೋ ಹಾಗೆ ಪಾಳಿ ಬದಲು, ಬೆಳಗ್ಗೆ ಜಾಬ್ ಹಾಕೋ ಮುಂಚೆ ಇಪ್ಪತ್ತು ನಿಮಿಷ ಖಾಲಿ ಓಡೋ ವಾರ್ಮ್ ಅಪ್ ಪ್ರೋಗ್ರಾಂ, ಆ ಟೈಮಿಗೆ ಬೋರ್ಡ್‌ನಲ್ಲಿ ಪ್ರೊಡಕ್ಷನ್ ಕೇಳಂಗಿಲ್ಲ, ಮತ್ತೆ ಆಪರೇಟರ್‌ಗೆ ಕೆಲವೇ ಮೈಕ್ರಾನ್ ಮಿತಿಯೊಳಗೆ ಆಫ್‌ಸೆಟ್ ಬದಲಿಸೋ ಅವಕಾಶ, ಈ ಮಿತಿ ಹಾಕೋ ಸೌಲಭ್ಯ ಕಂಟ್ರೋಲ್‌ನಲ್ಲೇ ಇತ್ತು. ರನ್‌ಔಟ್ ಕಂಪ್ಲೇಂಟ್ ನಿಂತೋಯ್ತು.

ಅದಾದ ಮೇಲೆ ಮಾತು ಬರೋಕೆ ಶುರುವಾಯ್ತು. ಟೂಲ್ ಕ್ರಿಬ್‌ನೋರು ಒಬ್ಬ ಹೆಲ್ಪರ್ ಬೇಕು ಅಂತ ಕೇಳಿದ್ರು, ಮ್ಯಾನೇಜರ್ ಓನರ್ ಹತ್ರ ಮಾತಾಡಿದ್ರು, ಆಗ್ಲಿಲ್ಲ. ಮುಂದಿನ ಮೀಟಿಂಗ್‌ನಲ್ಲಿ ಮೊದಲನೇ ಮಾತೇ ಅದು: "ಕೇಳ್ದೆ, ಈ ವರ್ಷ ಆಗಲ್ಲ ಅಂದ್ರು, ಕಾರಣ ಇಂಥದ್ದು." ಟೂಲ್ ಕ್ರಿಬ್‌ನೋರು ನನ್ನ ಹತ್ರ ಹೇಳಿದ್ದು, "ಇಷ್ಟು ವರ್ಷದಲ್ಲಿ ಇಲ್ಲ ಅಂತ ಬಾಯಿಬಿಟ್ಟು ಹೇಳಿದ್ದು ಇವರೊಬ್ರೇ, ಮಿಕ್ಕೋರೆಲ್ಲ ನೋಡೋಣ ಅಂತಿದ್ರು." ಮ್ಯಾನೇಜರ್ ಹತ್ರ ಒಂದು ಜೇಬು ಡೈರಿ ಇತ್ತು, ಅದರಲ್ಲಿ ಬರೀತಿದ್ದಿದ್ದು ತಾನು ಮಾಡ್ಬೇಕಾದ್ದು ಮಾತ್ರ, ಎದುರಿನೋರ ಬಗ್ಗೆ ಒಂದಕ್ಷರ ಇಲ್ಲ. ಬರೆದಿದ್ದನ್ನ ಎದುರಿನೋರಿಗೇ ತೋರಿಸ್ತಿದ್ರು. ಮುಂದಿನ ಸಲ ಆ ಪುಟ ತೆಗೆದೇ ಶುರು. ಒಂದು ಮೀಟಿಂಗ್‌ಗೂ ಇನ್ನೊಂದು ಮೀಟಿಂಗ್‌ಗೂ ಮಧ್ಯೆ ಏನಾಯ್ತು ಅನ್ನೋದರ ಮೇಲೇನೇ ಜನ ಮುಂದಿನ ಸಲ ಬಾಯಿ ಬಿಡ್ಬೇಕೋ ಬೇಡ್ವೋ ತೀರ್ಮಾನ ಮಾಡೋದು, ಪ್ರಶ್ನೆ ಎಷ್ಟು ಜಾಣತನದ್ದು ಅನ್ನೋದರ ಮೇಲಲ್ಲ.

ಮತ್ತೆ ಕೆಟ್ಟಿದ್ದು

ಡಿಪ್ಲೊಮಾ ಹುಡುಗ ವಾರ ವಾರ ಕೂರ್ತಿದ್ದ, ಚೆನ್ನಾಗಿ ಬೆಳೀತಿದ್ದ, ತನಗಿಂತ ವಯಸ್ಸಲ್ಲಿ ದೊಡ್ಡೋರಿಗೆ ಕೆಲಸ ಹೇಳೋದು ಹೇಗೆ ಅನ್ನೋದೇ ಅವನ ಹೆಚ್ಚಿನ ಮಾತು. ಒಂದ್ಸಲ, ನನಗೆ ಡಿಸೈನ್ ಕಡೆ ಹೋಗೋ ಆಸೆ ಸಾರ್, ಒಂದು ಕಡೆ ಇಂಟರ್ವ್ಯೂ ಕೊಟ್ಟಿದೀನಿ ಅಂತ ಹೇಳ್ದ. ನಂಬಿಕೆ ಇಲ್ದೆ ಇದ್ದಿದ್ರೆ ಇದನ್ನ ಯಾರೂ ಮ್ಯಾನೇಜರ್‌ಗೆ ಹೇಳಲ್ಲ.

ಕೆಲವು ವಾರ ಆದ್ಮೇಲೆ ಓನರ್ ಜೊತೆ ಇನ್‌ಕ್ರಿಮೆಂಟ್ ಚರ್ಚೆ. ಹೊರಗಡೆ ಒಂದು ಟ್ರೈನಿಂಗ್‌ಗೆ ಯಾರನ್ನ ಕಳಿಸೋದು ಅಂತ ಬಂದಾಗ ಮ್ಯಾನೇಜರ್ ಬಾಯಿಂದ, ಬೇಕಂತಲ್ಲ, ಮಾತಿನ ಓಘದಲ್ಲಿ, "ಅವನು ಇರ್ತಾನೋ ಹೋಗ್ತಾನೋ ಗೊತ್ತಿಲ್ಲ" ಅಂತ ಬಂದ್ಬಿಡ್ತು. ಟ್ರೈನಿಂಗ್ ಇನ್ನೊ‌ಬ್ಬರಿಗೆ ಹೋಯ್ತು. ಅಕೌಂಟ್ಸ್‌ನೋರ ಮೂಲಕ ಹುಡುಗನಿಗೆ ಗೊತ್ತಾಯ್ತು. ಮುಂದಿನ ವಾರ ಕುರ್ಚಿಯಲ್ಲಿ ಕೂತು, "ಏನಿಲ್ಲ ಸಾರ್, ಎಲ್ಲ ಚೆನ್ನಾಗಿದೆ." ಆ ತಿಂಗಳು ಎಂಟರಲ್ಲಿ ಆರು ಜನ ಅದೇ ಮಾತು. ಕಟ್ಟೋಕೆ ತಿಂಗಳುಗಟ್ಟಲೆ ಬೇಕಾಗಿದ್ದು ಒಂದು ವಾಕ್ಯಕ್ಕೆ ಹೋಯ್ತು.

ಮ್ಯಾನೇಜರ್ ಹುಡುಗನಿಗೆ ಸುತ್ತಿ ಬಳಸದೆ "ಹೇಳಿದ್ದು ನಾನೇ, ಹೇಳ್ಬಾರ್ದಿತ್ತು" ಅಂದ್ರು, ಓನರ್ ಹತ್ರ ಹೋಗಿ ಮುಂದಿನ ಬ್ಯಾಚ್‌ಗೆ ಅವನ ಹೆಸರು ಹಾಕಿಸಿದ್ರು. ಹುಡುಗ ಆ ಟ್ರೈನಿಂಗ್‌ಗೆ ಹೋದ, ಬಂದ, ಕೆಲವು ತಿಂಗಳಿಗೆ ಕೆಲಸಾನೂ ಬಿಟ್ಟ. ಇದನ್ನ ಸೋಲು ಅಂತ ಬರೀಬೇಕಾ ಅಂತ ನಾವಿಬ್ರೂ ಮಾತಾಡಿದ್ವಿ. ಹೋಗೋನು ಹೋಗೇ ಹೋಗ್ತಿದ್ದ, ಡಿಸೈನ್ ಕೆಲಸ ಈ ಶಾಪ್‌ನಲ್ಲಿ ಇಲ್ಲವೇ ಇಲ್ಲ. ಆದ್ರೆ ಸಂಬಳದ ಮಾರನೇ ದಿನ ಮಾಯ ಆಗ್ಲಿಲ್ಲ, ಎರಡು ತಿಂಗಳು ಮುಂಚೆ ಹೇಳ್ದ, ತನ್ನ ಜಾಗಕ್ಕೆ ಬರೋನಿಗೆ ಕೂತು ಕೆಲಸ ಕಲಿಸ್ದ.

ಈ ಘಟನೆಯಿಂದ ಒಂದು ಹೊಸ ರೂಢಿ ಬಂತು. ಪ್ರತಿ ಮೀಟಿಂಗ್ ಕೊನೇಲಿ ಮ್ಯಾನೇಜರ್ ಕೇಳ್ತಾರೆ, "ಇವತ್ತು ಮಾತಾಡಿದ್ದರಲ್ಲಿ ಯಾವುದನ್ನ ನಾನು ಹೊರಗೆ ಎತ್ತಬಹುದು, ಯಾವುದು ಬೇಡ?" ಕೇಳೋಕೆ ಎರಡು ನಿಮಿಷ. ಮೇಲಿನವರ ಮೀಟಿಂಗ್‌ಗೆ ಹೋಗೋ ಮುಂಚೆ ಡೈರಿಯ ಆ ಗುರುತು ಒಂದ್ಸಲ ನೋಡ್ಕೊಂಡು ಹೋಗ್ತಾರೆ. ಜನ ಮತ್ತೆ ಮಾತಾಡಿದ್ರು, ಆದ್ರೆ ಮೊದಲಿನಷ್ಟು ಸಲೀಸಾಗಿ ಅಲ್ಲ. ಒಬ್ಬ ಸೆಟ್ಟರ್ ಅಂತೂ ಇವತ್ತಿಗೂ ಕೆಲಸದ ಮಾತು ಬಿಟ್ಟು ಒಂದು ಪದ ಹೆಚ್ಚು ಆಡಲ್ಲ.

ಪ್ಲಾನಿಂಗ್ ಮೇಡಂ ವಿಷಯ ಬೇರೆ. ಅವರಿಗೆ ಇದು ಬೇಕೇ ಇರ್ಲಿಲ್ಲ. ದಿನಕ್ಕೆ ಹತ್ತು ಸಲ ಮ್ಯಾನೇಜರ್ ಜೊತೆ ಮಾತಾಡ್ತಾರೆ, ಏನಿದ್ರೂ ಅಲ್ಲೇ ಹೇಳ್ತಾರೆ, ಜಗಳಾನೂ ಮಾಡ್ತಾರೆ. ತಿಂಗಳಿಗೊಂದ್ಸಲ ಹತ್ತು ನಿಮಿಷ ಸಾಕು ಅಂತ ಅವರೇ ಹೇಳಿದ್ರು, ಹಂಗೇ ಮಾಡಿದ್ರು. ಎಲ್ಲರಿಗೂ ಒಂದೇ ಅಳತೆ ಹಾಕೋಕೆ ಹೋಗಿದ್ರೆ ಅವರಿಗೆ ಕಾಟ ಆಗ್ತಿತ್ತು.

ಇನ್ನೊಂದು ಮಾತು. ರನ್‌ಔಟ್ ಕಂಪ್ಲೇಂಟ್ ನಿಂತಿದ್ದು ವಾರ್ಮ್ ಅಪ್‌ನಿಂದ, ಪಾಳಿ ಬದಲಿಸಿದ್ದರಿಂದ. ಒನ್ ಆನ್ ಒನ್ ಮಾಡಿದ್ರೆ ರಿಜೆಕ್ಷನ್ ಇಳಿಯುತ್ತೆ ಅಂತ ಇದನ್ನ ಸ್ಲೈಡ್‌ಗೆ ಹಾಕಿ ಮಾರೋಕೆ ಹೋಗ್ಬೇಡಿ, ನನ್ ಕಸುಬಿನೋರಿಗೇ ಹೇಳ್ತಿದೀನಿ. ಮೀಟಿಂಗ್ ಮಾಡಿದ್ದು ಇಷ್ಟೇ, ಇಪ್ಪತ್ತು ಜನಕ್ಕೆ ಗೊತ್ತಿದ್ದ ವಿಷಯ ಇಪ್ಪತ್ತೊಂದನೆಯವರಿಗೂ ಗೊತ್ತಾಗೋ ಹಾಗೆ ಮಾಡ್ತು, ಅದನ್ನ ಸರಿ ಮಾಡೋ ಅಧಿಕಾರ ಇದ್ದಿದ್ದು ಆ ಇಪ್ಪತ್ತೊಂದನೆಯವರಿಗೆ.

ಈಗ ಶಿಫ್ಟ್ ಇನ್‌ಚಾರ್ಜ್‌ಗಳು ತಮ್ಮ ಕೆಳಗಿನ ಆಪರೇಟರ್‌ಗಳ ಜೊತೆಗೂ ಇದನ್ನ ಮಾಡ್ಬೇಕು ಅಂತ ಓನರ್ ಹೇಳಿದ್ದಾರೆ. ಅಲ್ಲಿ ಲೆಕ್ಕ ಕೂರ್ತಿಲ್ಲ. ಒಬ್ಬ ಇನ್‌ಚಾರ್ಜ್ ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಜನ, ಅದರಲ್ಲಿ ಅರ್ಧ ಕಾಂಟ್ರಾಕ್ಟ್ ಹುಡುಗ್ರು, ಗುರುತು ಪರಿಚಯ ಆಗೋ ಹೊತ್ತಿಗೆ ಬೇರೆ ಕಡೆ ಹೋಗಿರ್ತಾರೆ. ಸದ್ಯಕ್ಕೆ ಸೇರಿದ ಮೊದಲ ವಾರ ಒಂದ್ಸಲ, ತಿಂಗಳು ತುಂಬಿದಾಗ ಇನ್ನೊಂದ್ಸಲ ಕೂರಿಸಿ ಮಾತಾಡ್ತಿದ್ದಾರೆ, ಸೆಟ್ಟರ್ ಅಣ್ಣ ಮಾತ್ರ ತಮ್ಮ ಲೈನ್ ಹುಡುಗ್ರನ್ನ ಬೆಳಗಿನ ವಾರ್ಮ್ ಅಪ್ ಇಪ್ಪತ್ತು ನಿಮಿಷದಲ್ಲೇ ದಿನಕ್ಕೊಬ್ಬರಂತೆ ಮಾತಾಡಿಸ್ತಿದ್ದಾರೆ, ಮಷಿನ್ ಹೇಗೂ ಖಾಲಿ ಓಡ್ತಿರುತ್ತೆ ಅಂತ.